ಭವ್ಯಳಿಗೆ ಕೊಟ್ಟ ಹಾಲಿನ ಬಾಟಲಿಗಳು

ನನ್ನ ಮಗಳಿಗೆ ಬೇಡವೆಂದು ತೆಗೆದಿಟ್ಟ ಪ್ಲಾಸ್ಟಿಕ್ ಹಾಲಿನ ಬಾಟಲಿಗಳನ್ನು, ಗೊತ್ತಿದ್ದೂ, ಇನ್ನೊಬ್ಬಳ ಮಗುವಿಗೆ ಕೊಟ್ಟೆ. ಎಂಟು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ.

ಆಗ ನಾವು ಕೊಚ್ಚಿಯ ಕಲೂರಿನಲ್ಲಿದ್ದೆವು. ಕಾಸರಗೋಡಿನವಳಾದ ನಾನು ವಿಲ್ಲಿಂಗ್ಡನ್ ಐಲ್ಯಾಂಡಿನ ಪ್ರಯೋಗಾಲಯವೊಂದರಲ್ಲಿ ಕಡಲ ನೀರಿನೊಳಗಿನ ಪ್ಲಾಸ್ಟಿಕ್ ಕಣಗಳನ್ನು ಹುಡುಕುವ ಕೆಲಸದಲ್ಲಿದ್ದೆ. ಒಂದು ದಿನ, ಬರೀ ಕುತೂಹಲಕ್ಕೆ, ಮಗಳ ಬಾಟಲಿಯನ್ನು ಒಯ್ದು, ಕುದಿನೀರು ಹಾಕಿ ಕುಲುಕಿ, ಸೋಸಿ ನೋಡಿದೆ. ಸೂಕ್ಷ್ಮದರ್ಶಕದ ಕೆಳಗೆ ಕಣಗಳು — ಎಣಿಸಿ ಮುಗಿಯದಷ್ಟು. ಸಂಜೆಯೇ ಗಾಜಿನ ಬಾಟಲಿ ತಂದೆ.

ಹಳೆಯವು? ನಾದಿನಿ ದುಬೈಯಿಂದ ತಂದವು, ಹೊಸದರ ಹಾಗೇ ಇದ್ದವು. ಎಸೆಯಲು ಮನಸ್ಸಾಗಲಿಲ್ಲ. ಎದುರು ಮನೆಯ ಭವ್ಯ, ಮೈಸೂರಿನವಳು, ಆಗಷ್ಟೇ ಹೆತ್ತಿದ್ದಳು. ಎದೆಹಾಲು ಸಾಲದೆ ಪುಡಿಹಾಲು ಶುರುಮಾಡಿದ್ದಳು. ಅವಳ ಕೈಗಿಟ್ಟೆ.

"ಅಕ್ಕಾ, ಕುದಿಯೋ ನೀರು ಹಾಕಿದ್ರೆ ಏನೂ ಆಗಲ್ವಾ?" ಎಂದು ಕೇಳಿದಳು.

"ಏನೂ ಆಗುವುದಿಲ್ಲ ಮಾರಾಯ್ತಿ. ನಮ್ಮ ಮಗುವಿಗೂ ಇದೇ."

ಕೊಟ್ಟದ್ದನ್ನು ಹಿಂದೆ ತೆಗೆದುಕೊಳ್ಳುವುದು ಹೇಗೆ ಎಂಬ ಮುಜುಗರ — ಅಷ್ಟೇ. ಒಂದು ಮುಜುಗರಕ್ಕಾಗಿ...

ಮುಂದೆ ಅವಳ ಗಂಡನಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಮಗು ಬೆಳೆಯಿತು, ಜೊತೆಗೆ ಬಿಡದ ಹೊಟ್ಟೆನೋವು. ಡಾಕ್ಟರಿಗೆ ಕಾರಣ ಸಿಗಲಿಲ್ಲ. ತಾನು ಎದೆಹಾಲು ಸರಿಯಾಗಿ ಕೊಡದೇ ಹೋದದ್ದಕ್ಕೆ ಹೀಗಾಯಿತೆಂದು ಭವ್ಯ ಫೋನಿನಲ್ಲಿ ಅಳುತ್ತಿದ್ದಳು. ನಾನು ಸಮಾಧಾನ ಹೇಳುತ್ತಿದ್ದೆ! ಆ ಕಣಗಳಿಂದಲೇ ನೋವು ಬಂತೇ? ಗೊತ್ತಿಲ್ಲ, ಹೌದು ಎನ್ನಲೂ ಅಲ್ಲ ಎನ್ನಲೂ ಇವತ್ತಿಗೂ ಯಾರಿಂದಲೂ ಆಗದು. ಆ 'ಗೊತ್ತಿಲ್ಲ'ದ ಹಿಂದೆಯೇ ನಾನು ಇಷ್ಟು ವರ್ಷ ಅಡಗಿ ಕುಳಿತೆ.

ಕಳೆದ ತಿಂಗಳು ತಿರುವನಂತಪುರದ ತಂಪಾನೂರಿನಲ್ಲಿ ರೈಲಿಳಿದು ನೇರ ಅವಳ ಮನೆಗೆ ಹೋಗಿ, ಎಲ್ಲವನ್ನೂ ಹೇಳಿದೆ. ಅವಳು ಒಲೆ ಆರಿಸಿ ಬಂದು ಎದುರು ಕುಳಿತಳು.

"ಗೊತ್ತಿದ್ದೇ ಕೊಟ್ರಾ?"

"ಹೌದು."

"ನೋವು ಅದ್ರಿಂದಾನೇ ಬಂತೋ ಇಲ್ವೋ, ಬಿಡಿ," ಎಂದಳು. "ನಾನು ಬಾಯಿಬಿಟ್ಟು ಕೇಳಿದ್ದೆ. ನೀವು ಓದಿದವರು ಅಂತಾನೇ ಕೇಳಿದ್ದೆ."

ಕ್ಷಮೆ ಕೇಳುವುದೂ ಅವಳ ಮೇಲೆ ಇನ್ನೊಂದು ಹೊರೆ ಹೊರಿಸಿದಂತೆ ಅನ್ನಿಸಿತು — ಕೇಳಲಿಲ್ಲ. ನಾನು ಚಪ್ಪಲಿ ಮೆಟ್ಟುವಾಗ ಬಾಗಿಲವರೆಗೆ ಬಂದಳು. 'ಹೋಗಿ ಬನ್ನಿ' ಎನ್ನಲಿಲ್ಲ. ಎನ್ನಬೇಕಿತ್ತೆಂದು ನನಗೂ ಅನ್ನಿಸುವುದಿಲ್ಲ.