ಉಂಡು ಕುಳಿತ ಇದ್ದಲು

ದೂಧಗಂಗಾ ದಂಡೆಯ ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಸರ್, ಕಬ್ಬಿನ ಸಿಪ್ಪೆ ಸುಟ್ಟು ಇದ್ದಲು ಮಾಡುತ್ತಿದ್ದರು. ಅದರ ಸೂಕ್ಷ್ಮ ರಂಧ್ರಗಳು ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹಿಡಿದಿಡುತ್ತಿದ್ದವು. “ಇದಕ್ಕ ಮೈತುಂಬ ಹೊಟ್ಟಿ ಐತ್ರಿ,” ಎನ್ನುತ್ತ ಇದ್ದಲು ತುಂಬಿದ ಭರಣಿಯನ್ನು ಕೂಸಿನಂತೆ ತಟ್ಟುತ್ತಿದ್ದರು.

ಅವರ ಪ್ರಯೋಗದ ಕೋಣೆಯನ್ನು ಮುಚ್ಚಬೇಕೋ ಬೇಡವೋ ಎಂದು ನೋಡಲು ಒಂದು ಮಳೆಗಾಲ ಸಾಹೇಬರೊಬ್ಬರು ಬಂದರು. ಸರ್ ಸಂಭ್ರಮದಲ್ಲಿ ಮುಂಜಾನೆಯೇ ಭರಣಿ ತೆರೆದಿಟ್ಟಿದ್ದರು. ತಕ್ಕಡಿಯಲ್ಲಿ ಇದ್ದಲಿನ ತೂಕ ಗುಂಜಿಯಷ್ಟೂ ಏರಲಿಲ್ಲ.

“ಯಾಕ್ರೀ, ಏನೂ ಹೀರವಲ್ದಲ್ಲ?”

“ಮುಂಜಾನೆನ ಉಂಡು ಕುಂತೈತ್ರಿ, ಸಾಹೇಬ್ರ. ಕಾಸಿ ಉಪಾಸ ಮಾಡಸ್ತೀನಿ, ತಡೀರಿ.”

ಸಾಹೇಬರು ನಕ್ಕು ಕುಳಿತರು. ಕಾಸಿ ತೇವ ಹಾರಿಸಿ, ಆರಿಸಿ ಮತ್ತೆ ತಕ್ಕಡಿಗಿಟ್ಟಾಗ ತೂಕ ಏರುತ್ತ ಹೋಯಿತು, ಕೋಣೆ ಉಳಿಯಿತು.

ನಿವೃತ್ತಿಯ ದಿನ ಇದ್ದಲು ಕಾಸಿ, ಬಿಗಿಯಾಗಿ ಮುಚ್ಚಿದ ಭರಣಿಯೊಂದನ್ನು ನನಗೆ ಕೊಟ್ಟರು. ಸರ್ ಈಗಿಲ್ಲ. ಮಳೆ ಬಂದಾಗಲೆಲ್ಲ ನನ್ನ ಕೈ ಮುಚ್ಚಳದತ್ತ ಹೋಗಿ ಹಿಂದೆ ಬರುತ್ತದೆ. ಅವರು ಬಡಿಸದೆ ಅದು ಉಣ್ಣುವುದು ಸರಿಯಲ್ಲ.