ಸೈಕಲ್ ಟ್ಯೂಬು, ಸೀಗಡಿ ಮಾತ್ರೆ

ಚಿಂತಾಮಣಿಯಿಂದ ಬಂದ ಬಸ್ಸು ಶಿಡ್ಲಘಟ್ಟದಲ್ಲಿ ನಿಂತಿತು. ಎಲ್ಲರೂ ಇಳಿದರು. ನನ್ನ ಹೆಂಡತಿ ಜುಬೇದಾ ಮಾತ್ರ ಕಂಬಿ ಹಿಡಿದು ಫುಟ್‌ಬೋರ್ಡಿನ ಮೇಲೆ ನಿಂತೇ ಇದ್ದಳು.

"ಕಾಲು ಮಡಚಕ್ಕೆ ಆಗ್ತಾ ಇಲ್ಲ ಕಣ್ರೀ."

ನಮ್ಮ ಮನೆಮಾತು ಉರ್ದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೇ. ಅವಳ ದನಿಯಲ್ಲಿದ್ದ ಭಯ ಯಾವ ಭಾಷೆಯಲ್ಲೂ ಒಂದೇ.

ಜುಬೇದಾ ಬಟ್ಟೆ ಹೊಲಿಯುವವಳು. ಕಾಲಲ್ಲಿ ತುಳಿಯುವ ಮಿಷನ್ನು ಅವಳದು. ಕೆಲವೇ ವಾರಗಳಲ್ಲಿ ಆ ಮಿಷನ್ನಿನ ಮೇಲೆ ಬೆಡ್‌ಶೀಟ್ ಹೊದಿಸಿದೆವು. ಮಂಡಿ ಊದಿತು. ನಮಾಜು ಕುರ್ಚಿಗೆ ಬಂತು. ಮೊದಲ ದಿನ ಕುರ್ಚಿಯಲ್ಲಿ ಕೂತು ನಮಾಜು ಮುಗಿಸಿದವಳು ಬಹಳ ಹೊತ್ತು ಮುಖ ತೋರಿಸಲಿಲ್ಲ.

ಚಿಕ್ಕಬಳ್ಳಾಪುರದ ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿದರು.

"ಕಾರ್ಟಿಲೇಜ್ ಸವೆದಿದೆ. ಆಸ್ಟಿಯೋ ಆರ್ಥ್ರೈಟಿಸ್."

"ಆಪರೇಷನ್ನಾ?" ಎಂದೆ ನಾನು.

"ಈಗ ಬೇಡ. ತೊಡೆಯ ಸ್ನಾಯು ಸೋತೋಗಿದೆ, ಮೊದಲು ಅದನ್ನ ಗಟ್ಟಿ ಮಾಡಣ. ಜೊತೆಗೆ ಗ್ಲೂಕೋಸಮೈನ್ ಅಂತ ಹೊಸ ಮಾತ್ರೆ ಬಂದಿದೆ. ಕೆಲವರಿಗೆ ನೋವು ಕಮ್ಮಿ ಆಗುತ್ತೆ, ಕೆಲವರಿಗೆ ಏನೂ ಆಗಲ್ಲ. ಎಕ್ಸರ್‌ಸೈಜ್ ಬಿಟ್ಟು ಬರೀ ಮಾತ್ರೆ ನುಂಗಬೇಡಿ."

"ಅದನ್ನ ಯಾತರಲ್ಲಿ ಮಾಡ್ತಾರೆ ಡಾಕ್ಟ್ರೇ?" ಜುಬೇದಾ ಕೇಳಿದಳು.

"ಸೀಗಡಿ ಚಿಪ್ಪಿಂದ."

"ಸೀಗಡಿಗೆ ಮಂಡಿಯೇ ಇಲ್ವಲ್ಲ! ಅದು ನನಗೇನು ಕೊಡುತ್ತೆ?"

ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು.

ನಾನಂತೂ ಮಾತ್ರೆಯನ್ನು ಪೂರ್ತಿ ನಂಬಿಬಿಟ್ಟೆ. ಎಸ್‌ಟಿಡಿ ಬೂತಿನಿಂದ ಬೆಂಗಳೂರಿಗೆ ಫೋನ್ ಮಾಡಿ ತರಿಸಿದೆ. ವ್ಯಾಯಾಮ ಮಾಡುವಾಗ ಅವಳು ಹಲ್ಲು ಕಚ್ಚುವುದನ್ನು ನೋಡಲಾರದೆ, "ಇವತ್ತು ಬಿಡು, ನಾಳೆ ಮಾಡಿದ್ರಾಯ್ತು" ಎನ್ನುತ್ತಿದ್ದೆ. ಆ ನಾಳೆ ಬರಲೇ ಇಲ್ಲ. ಬೆಳಗೆದ್ದರೆ ಮಾತ್ರ, "ಹೇಗಿದೆ? ಕಮ್ಮಿಯಾಯ್ತಾ?" ಎಂದು ಪ್ರಾಣ ತಿನ್ನುತ್ತಿದ್ದೆ.

"ನೋವಿರೋದು ನನ್ನ ಕಾಲಲ್ಲಿ. ಮಾತ್ರೆ ಏರಿರೋದು ನಿಮ್ಮ ತಲೆಗೆ," ಎಂದು ರೇಗಿದಳು.

ಒಂದು ಬೆಳಿಗ್ಗೆ ಕುರ್ಚಿಯಿಂದ ಏಳಲು ಹೋದವಳು ಬಿದ್ದಳು.

"ನೋವಿಗೆ ಬೀಳಲಿಲ್ಲ. ಕಾಲಲ್ಲಿ ಬಲವೇ ಇಲ್ಲ ಕಣ್ರೀ."

ನನ್ನದು ಸೈಕಲ್ ಷಾಪು. ಅವತ್ತೇ ಹಳೇ ಟ್ಯೂಬೊಂದನ್ನು ಸೀಳಿ ಮನೆಗೆ ತಂದೆ. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಟ್ಯೂಬಿನ ಒಂದು ತುದಿಯನ್ನು ಹಿಂದಿದ್ದ ನವಾರು ಮಂಚದ ಕಾಲಿಗೂ ಇನ್ನೊಂದನ್ನು ಅವಳ ಹಿಮ್ಮಡಿಯ ಮೇಲಕ್ಕೂ ಕಟ್ಟಿದೆ. "ಕಾಲು ನೀಡು," ಎಂದೆ. ನೀಡಿದಳು. ನಡುಗಿತು. ಮತ್ತೆ ನೀಡಿದಳು. ಈ ಸಲ "ಇವತ್ತು ಬಿಡು" ಎನ್ನದೆ ಎಣಿಸುತ್ತಾ ಕೂತೆ.

ದಿನಾ ಎಳೆದಳು. ಡಾಕ್ಟರ ಬಳಿ ಹೋಗಿ ಸರಿಯಾದ ಕ್ರಮವನ್ನು ಕೇಳಿಕೊಂಡು ಬಂದೆವು. ಮಾತ್ರೆಯನ್ನೂ ನಿಲ್ಲಿಸಲಿಲ್ಲ. ಒಬ್ಬಳಿಗೇ ಬೇಸರವೆಂದು ನಾನೂ ಪಕ್ಕದಲ್ಲಿ ಕೂತು ಎಳೆದೆ. ನನಗೇ ಮೊದಲು ಸುಸ್ತಾಗುತ್ತಿತ್ತು! ಒಂದು ಸಂಜೆ ಅವಳು ಜಗ್ಗಿದ ರಭಸಕ್ಕೆ ಮಂಚವೇ ಕಿರ್ರೆಂದು ಮುಂದಕ್ಕೆ ಬಂತು.

"ಮಂಚ ನಡೀತು! ಮಂಚ ನಡೀತು ಜುಬೇದಾ!"

ಇಬ್ಬರೂ ನಕ್ಕ ನಗುವಿಗೆ ಅಕ್ಕಪಕ್ಕದವರು ಬಾಗಿಲಿಗೆ ಬಂದರು.

ಊತ ಇಳಿಯಿತು. ಒಂದು ಮಧ್ಯಾಹ್ನ ಊಟಕ್ಕೆ ಬರುವಾಗ ಬೀದಿಯಲ್ಲೇ ಮಿಷನ್ನಿನ ಸದ್ದು ಕೇಳಿತು. ಈ ವಯಸ್ಸಿನಲ್ಲಿ ನಾನು ಓಡಿದೆ.

ಗುಣ ಕೊಟ್ಟದ್ದು ಮಾತ್ರೆಯೋ ಟ್ಯೂಬೋ? ಡಾಕ್ಟರನ್ನು ಕೇಳಿದೆ.

"ಎರಡೂ ಜೊತೆಗೇ ಮಾಡಿದ್ರಲ್ಲ ಸಾಬ್ರೇ, ನಾನು ಹೇಗೆ ಹೇಳಲಿ? ಮಾತ್ರೆ ಬೇಕಾದ್ರೆ ಮುಂದೆ ಬಿಟ್ಟು ನೋಡಣ. ಟ್ಯೂಬು ಮಾತ್ರ ಬಿಡಬೇಡಿ."

ಸವೆದದ್ದು ಸವೆದದ್ದೇ. ಚಳಿ ಬಿದ್ದರೆ ಮಂಡಿ ಈಗಲೂ ಹಿಡಿಯುತ್ತದೆ. ನಮಾಜು ಇನ್ನೂ ಕುರ್ಚಿಯಲ್ಲೇ. ಆದರೆ ಈ ರಂಜಾನಿನ ಕೊನೆಯ ಸಂಜೆ ಮಸೀದಿಯಿಂದ ಬಂದು ನೋಡಿದರೆ ಮನೆಯಲ್ಲಿ ಅವಳಿಲ್ಲ. ಅಡುಗೆಮನೆ ಖಾಲಿ, ಹಿತ್ತಲು ಖಾಲಿ. ಮತ್ತೆ ಎಲ್ಲಾದರೂ ಬಿದ್ದಳೇ?

"ರೀ! ಚಾಂದ್! ಚಾಂದ್ ಕಾಣಿಸ್ತು!"

ದನಿ ಮೇಲಿನಿಂದ ಬಂತು. ಮಹಡಿಯಿಂದ!

ಎರಡೆರಡು ಮೆಟ್ಟಿಲು ಹಾರಿ ಹತ್ತಿದೆ. ಗೋಡೆ ಹಿಡಿದು ನಿಂತಿದ್ದಳು. ಮೈಯೆಲ್ಲ ಬೆವರು, ಮುಖದ ತುಂಬ ನಗು. ಪಡುವಣದಲ್ಲಿ ದಾರದೆಳೆಯಷ್ಟು ತೆಳ್ಳಗೆ ಚಂದ್ರ. ಸುತ್ತಲ ಮಹಡಿಗಳಿಂದ ಮುಬಾರಕ್, ಮುಬಾರಕ್ ಎಂಬ ಕೂಗು.

"ಒಬ್ಬಳೇ ಹತ್ತಿದ್ಯಾ? ಇಳಿಯೋವಾಗ ಕಾಲು ಜಾರಿದ್ರೆ? ಬಾ, ನನ್ನ ಕೈ ಹಿಡ್ಕೋ," ಎಂದೆ.

ಕೈ ಹಿಡಿದುಕೊಂಡಳು. ಮೆಟ್ಟಿಲ ಕಡೆ ಮಾತ್ರ ತಿರುಗಲಿಲ್ಲ.

"ಇಳಿಯಣ, ಅದಕ್ಕೇನು ಅವಸರ? ಕಷ್ಟಪಟ್ಟು ಹತ್ತಿದ್ದೀನಿ. ಇನ್ನೊಂದು ಸ್ವಲ್ಪ ಹೊತ್ತು ನಿಂತಿರಣ."