ಅತ್ತೆ ಕರೆದರೆ ಮಾತ್ರ ಹತ್ತಬೇಕಾದ ದೀಪ

ಹರಿಹರದ ರೈಲು ಹಳಿಯ ಪಕ್ಕದ ಈ ಮನೆಗೆ ಇನ್ನೂ ಬೆಳಕು ಹರಿದಿಲ್ಲ. ಅಖ್ತರ್ ಬಾನು ಗೋಡೆಗೆ ಬೆನ್ನು ಕೊಟ್ಟು ಕೂತು ಒಂದು ಕೆಂಪು ಬಲ್ಬನ್ನೇ ನೋಡುತ್ತಿದ್ದಾರೆ. ಗೂಡ್ಸ್ ಗಾಡಿ ಬರುವ ಹೊತ್ತು. ಅದು ಹಾದುಹೋಗುವಾಗ ಬಲ್ಬ್ ಹತ್ತಬಾರದು. ಹತ್ತಿದರೆ ಇಷ್ಟು ದಿನದ ಕೆಲಸವೆಲ್ಲ ನೀರುಪಾಲು.

ದಾವಣಗೆರೆಯ ಮಂಡಿಪೇಟೆ ಹಿಂದಿನ ಓಣಿಯ ಅಖ್ತರ್ ಬಾನು ಮದುವೆ, ಉರುಸುಗಳ ಸೀರಿಯಲ್ ಸೆಟ್ ರಿಪೇರಿ ಮಾಡುವವರು. ಅಪ್ಪನ ರೇಡಿಯೊ ಅಂಗಡಿಯಲ್ಲಿ ಕಲಿತ ಕೆಲಸ. ಸೀಸನ್ನಿನಲ್ಲಿ ದಿನಕ್ಕೆ ಮೂವತ್ತು, ನಲವತ್ತು ದೀಪದ ಸರ ಅವರ ಕೈ ದಾಟುತ್ತವೆ. ಬೆರಳ ತುದಿಗಳು ಸುಟ್ಟು ಸುಟ್ಟು ಮರಗಟ್ಟಿವೆ. ಮೊಬೈಲ್ ಕೂಡ ಅವರ ಹೆಬ್ಬೆರಳನ್ನು ಗುರುತು ಹಿಡಿಯುವುದಿಲ್ಲ. "ಮದ್ವೆ ಊಟ ಉಂಡಿದ್ದಕ್ಕಿಂತ ಮದ್ವೆ ದೀಪ ಕಟ್ಟಿದ್ದೇ ಜಾಸ್ತಿರಿ," ಎಂದು ನಗುತ್ತಾರೆ. ಇವತ್ತು ಆ ನಗು ಬಂದಷ್ಟೇ ಬೇಗ ಹೋಗುತ್ತದೆ.

ಈ ಮನೆಯ ಸೊಸೆ ಸಹನಾಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅತ್ತೆ ಕೊಟ್ರವ್ವಗೆ ಉಬ್ಬಸ. ಮನೆಯಲ್ಲಿರುವುದು ಇವರಿಬ್ಬರೇ. ಅತ್ತೆಯ ಕೊರಳಲ್ಲೊಂದು ಗುಂಡಿ; ಒತ್ತಿದರೆ ಸೊಸೆಯ ಸೊಂಟದ ಪೇಜರ್ ನಡುಗುತ್ತದೆ. ಹಗಲು ಸರಿ, ಮಲಗಿದಾಗ ಆ ನಡುಕ ಅವಳಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಅಖ್ತರ್ ಬಾನು ಒಂದು ಸ್ವಿಚ್ ಕಟ್ಟಿಕೊಟ್ಟರು. ತೆಳು ತಗಡಿನ ಮೇಲೊಂದು ಹಿತ್ತಾಳೆ ಕೊಳವೆ, ಅದರೊಳಗೆ ಎಲ್ಲೂ ತಾಗದಂತೆ ನಿಂತ ಪೆನ್ನಿನ ಸ್ಪ್ರಿಂಗ್. ಮಲಗುವಾಗ ಪೇಜರನ್ನು ತಗಡಿಗೆ ರಬ್ಬರ್ ಬ್ಯಾಂಡಿನಿಂದ ಬಿಗಿದರಾಯಿತು. ಪೇಜರ್ ನಡುಗಿದರೆ ಸ್ಪ್ರಿಂಗ್ ಕೊಳವೆಗೆ ತಾಗುತ್ತದೆ, ಮುಖದೆದುರಿನ ಬಲ್ಬ್ ಹತ್ತಿಕೊಂಡು, ಕೈಯಾರೆ ಆರಿಸುವವರೆಗೂ ಉರಿಯುತ್ತದೆ.

ಮಂಡಿಪೇಟೆಯಲ್ಲಿ ಪರೀಕ್ಷಿಸಿದಾಗ ಎಲ್ಲ ಸರಿಯಿತ್ತು. ಹರಿಹರದ ಈ ಮನೆಗೆ ತಂದಿಟ್ಟ ಮೇಲೆ ಪ್ರತಿ ರೈಲಿಗೂ ಬಲ್ಬ್ ಹತ್ತತೊಡಗಿತು. ಪಾಪ, ಸಹನಾ ಪ್ರತಿ ಸಲವೂ ಎದ್ದು ಓಡಿದಳು. ಬರಬರುತ್ತಾ ಏಳುವುದನ್ನೇ ಬಿಟ್ಟಳು. ಹೋದ ವಾರ ಬೆಳಗಿನ ಜಾವ ಬಲ್ಬ್ ಹತ್ತಿದಾಗ, ರೈಲೆಂದುಕೊಂಡು ಆರಿಸಿ ಮಗ್ಗುಲಾದಳು. ಅತ್ತ ಕೊಟ್ರವ್ವ ಬಚ್ಚಲ ಬಾಗಿಲಲ್ಲಿ ಉಸಿರಿಗೆ ಒದ್ದಾಡುತ್ತಿದ್ದರು. ಪಕ್ಕದ ಮನೆಯ ಮೈಲಮ್ಮಗೆ ಸದ್ದು ಕೇಳಿಸಿದ್ದರಿಂದ ಜೀವ ಉಳಿಯಿತು.

"ಆಕಿದೇನು ತಪ್ಪೈತ್ರಿ? ಸುಳ್ಳು ಹೇಳಿದ್ದು ನನ್ ದೀಪ," ಎನ್ನುವಾಗ ಅಖ್ತರ್ ಬಾನು, ವರದಿಗೆಂದು ಬಂದ ನನ್ನ ಮುಖ ನೋಡುವುದಿಲ್ಲ.

ಸ್ಪ್ರಿಂಗ್ ಬಿಗಿ ಮಾಡಿದರೆ ರೈಲಿಗೂ ಹತ್ತಲಿಲ್ಲ, ಪೇಜರಿಗೂ ಹತ್ತಲಿಲ್ಲ. ಕೊನೆಗೆ ಹೊಳೆದದ್ದು ಮಂಡಕ್ಕಿ. ಮಾಯಕೊಂಡದ ಕಡೆಗೆ ಟೆಂಪೊದಲ್ಲಿ ಬಲ್ಬುಗಳನ್ನು ಕಳಿಸುವಾಗ ಒಡೆಯದಿರಲೆಂದು ಅವರು ಮಂಡಕ್ಕಿ ಚೀಲದ ಮೇಲೆ ಇಟ್ಟು ಕಳಿಸುತ್ತಾರೆ. ಈಗ ಸ್ವಿಚ್ಚಿನ ಅಡಿಗೂ ಮಂಡಕ್ಕಿ ತುಂಬಿದ ಪುಟ್ಟ ದಿಂಬು ಹೊಲಿದು ತಂದಿದ್ದಾರೆ. ನೆಲದ ನಡುಕ ಅದರಲ್ಲೇ ಇಂಗಬೇಕು. "ನಮ್ಮೂರಾಗೆ ಮಂಡಕ್ಕಿಗೆ ಬರ ಐತೇನ್ರಿ? ಮೆತ್ತಗಾದ್ರೆ ಬದ್ಲಿ ಮಾಡದು."

ಗಾಡಿ ಬರುತ್ತದೆ. ಅಡುಗೆಮನೆಯ ತಟ್ಟೆಗಳು ಗಲಗಲ ಎನ್ನುತ್ತವೆ. ಬಲ್ಬ್ ಹತ್ತುವುದಿಲ್ಲ. ನನಗೆ ಸಮಾಧಾನ, ಅವರಿಗಿಲ್ಲ. "ಕೆಟ್ಟು ಕೂತೈತೋ ಏನೋ," ಎಂದು ಗೊಣಗುತ್ತಾರೆ. ಗಾಡಿಯ ಡಬ್ಬಿಗಳು ಇನ್ನೂ ಹಾಯುತ್ತಿರುವಾಗಲೇ ಬಲ್ಬ್ ಕೆಂಪಗೆ ಹತ್ತಿಕೊಳ್ಳುತ್ತದೆ.

ಪಕ್ಕದ ಚಾಪೆಯ ಮೇಲೆ ಕೂತ ಸಹನಾ ಬಲ್ಬ್ ನೋಡುತ್ತಾಳೆ. ನಡುಗುವ ನೆಲದ ಮೇಲೆ ಅಂಗೈ ಇಟ್ಟು ನೋಡುತ್ತಾಳೆ. ರೈಲೋ, ಅತ್ತೆಯೋ? ಅವಳು ದಡಬಡಿಸಿ ಎದ್ದು, ಅತ್ತೆ ಹೋಗಿದ್ದ ಹಿತ್ತಲಿಗೆ ಓಡುತ್ತಾಳೆ.

ಹಿತ್ತಲ ಕಟ್ಟೆಯ ಮೇಲೆ ಕೊಟ್ರವ್ವ ಆರಾಮಾಗಿ ಕೂತು ಗುಂಡಿ ಒತ್ತುತ್ತಿದ್ದಾರೆ. "ಬೇಕಂತಲೇ ರೈಲು ಬಂದಾಗ ಒತ್ತಿದೆ. ಬರ್ತಾಳೋ ಇಲ್ಲೋ ನೋಡ್ಬೇಕಿತ್ತು," ಎನ್ನುವ ಅತ್ತೆಯ ಕೈ ಹಿಡಿದುಕೊಂಡು ಸೊಸೆ ಅಳುತ್ತಾಳೆ.

ಬಿಸಿಲೇರುವ ಹೊತ್ತಿಗೆ ಸಹನಾ ಚಾಪೆಯ ಮೇಲೆ ನಿದ್ದೆ ಹೋಗಿದ್ದಾಳೆ. ಇನ್ನೊಂದು ರೈಲು ಹಾಯುತ್ತದೆ. ಬಲ್ಬ್ ಹತ್ತುವುದಿಲ್ಲ, ಅವಳು ಮಿಸುಕುವುದೂ ಇಲ್ಲ. ನಿಮಗಿನ್ನೇನು ಆಸೆ ಎಂದು ಕೇಳಲು ನಾನು ಬಾಯಿ ತೆರೆಯುತ್ತೇನೆ. ಅಖ್ತರ್ ಬಾನು ತುಟಿಯ ಮೇಲೆ ಬೆರಳಿಡುತ್ತಾರೆ.

"ಮೆಲ್ಲಗೆ ಮಾತಾಡ್ರಿ, ಆಕಿ ಮಲಗ್ಯಾಳೆ."